ಸೈಕಲ್ ಮೇಲೆ ವೈನಿಗೆ

ಲಕ್ಷ್ಮೀದೇವಮ್ಮನ ಕೈ ನಡುಗಿದ್ದನ್ನು ಹೊಸೂರಿನ ಆಲಸನತ್ತಂನಲ್ಲಿ ಯಾರೂ ನೋಡಿರಲಿಲ್ಲ. ಧರಣಿ ಕೂತವರನ್ನು ಪೊಲೀಸ್ ವ್ಯಾನು ಹತ್ತಿಸಿದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಕೂತ ಹೆಂಗಸರಿಗೆಲ್ಲ ಎಲೆ ಅಡಿಕೆ ಹಂಚಿದವಳು ಅವಳು. ಇನ್ಸ್‌ಪೆಕ್ಟರು ತಮಿಳಿನಲ್ಲಿ ಗದರಿದರೆ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು, ಅವರು ತೆಲುಗಿಗೆ ಬಂದರೆ ಕನ್ನಡಕ್ಕೆ ಹಾರುತ್ತಿದ್ದಳು. ಅಂಥವಳು ಪೊಂಗಲ್ ಹಬ್ಬಕ್ಕೆ ಇನ್ನೂ ಕೆಲವು ವಾರಗಳಿರುವಾಗ ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಕೊಟ್ಟ ನೀರಿನ ಲೋಟವನ್ನು ಹಿಡಿಯಲಾರದೆ ನೆಲದ ಮೇಲಿಟ್ಟಳು. ಅಷ್ಟರಲ್ಲಿ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತ್ತು.

"ನಮ್ ಮೇಘ ವೈನಿಗೆ ಹೋಯ್ತಾಳಂತೆ," ಅಂದಳು. ಸೆರಗು ಹಿಂಡಿಕೊಳ್ಳುತ್ತಾ, "ಸೈಕಲ್ ಮೇಲೆ," ಅಂದಳು.

ಹೆತ್ತ ಮಗಳ ಬಗ್ಗೆ ಈ ಎರಡು ಮಾತು ಅವಳ ಬಾಯಿಂದ ಒಟ್ಟಿಗೆ ಬಂದರೆ ಅದಕ್ಕೆ ಎಂಥ ಭಾರ ಇದೆ ಅನ್ನುವುದು ತಿಳಿಯಬೇಕಾದರೆ ಅವಳ ಗಂಡನ ವಿಷಯ ಹೇಳಬೇಕು.

ಹನುಮಂತರಾಯಪ್ಪ ಮಧುಗಿರಿ ಕಡೆಯವನು. ಹೊಸೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಕೆಲಸ ಸಿಕ್ಕಿತೆಂದು ಹೆಂಡತಿಯನ್ನು ಕರೆದುಕೊಂಡು ಬಂದು ಆಲಸನತ್ತಂನ ವಠಾರವೊಂದರಲ್ಲಿ ಸಂಸಾರ ಹೂಡಿದ. ಸತ್ತವನೆಂದು ಅವನನ್ನು ಹೊಗಳುವ ಅಭ್ಯಾಸ ನನಗಿಲ್ಲ. ಕುಡಿಯುತ್ತಿದ್ದ, ಹೊಡೆಯುತ್ತಿದ್ದ, ಮರುದಿನ ಮಗಳಿಗೆ ಬನ್ನು ತರುತ್ತಿದ್ದ. ನಮ್ಮ ಊರಲ್ಲಿ ಯಾರೂ ಕುಡಿಯಲು ಹೋದ ಅನ್ನುವುದಿಲ್ಲ. ವೈನಿಗೆ ಹೋದ ಅನ್ನುತ್ತೇವೆ. ಗಡಿಯ ಅತ್ತಿಬೆಲೆಯ ಆಚೆ, ಕರ್ನಾಟಕದಲ್ಲಿ, ಬೋರ್ಡಿನಲ್ಲಿ ವೈನ್ಸ್ ಅಂತ ಬರೆದಿರುತ್ತದೆ, ಈಚೆ ತಮಿಳು ಬಾಯಲ್ಲಿ ಅದೇ ಒಯಿನ್ ಶಾಪ್. ಕಬ್ಬಿಣದ ಜಾಲರಿಯ ಕಿಟಕಿ, ಹಿಂದೆ ಒಂದು ತಗಡಿನ ಶೆಡ್ಡು, ಕಾಲಡಿಗೆ ತುಳಿದ ಪ್ಲಾಸ್ಟಿಕ್ ಲೋಟಗಳು, ಉಪ್ಪಿನಕಾಯಿ ಪೊಟ್ಟಣ. ಅಲ್ಲಿ ಕುಡಿದು ಲಿವರು ಸುಟ್ಟುಕೊಂಡವರಲ್ಲಿ ಒಬ್ಬನಾದರೂ ಜನ್ಮದಲ್ಲಿ ವೈನ್ ಕಂಡವನಲ್ಲ.

ಒಂದು ಸಂಜೆ, ಬೀದಿ ದೀಪ ಆಗತಾನೆ ಹತ್ತಿದ್ದ ಹೊತ್ತು, ಹನುಮಂತರಾಯಪ್ಪ ವೈನಿಂದ ಸೈಕಲ್ ಮೇಲೆ ವಾಪಸು ಬರುತ್ತಿದ್ದ. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಲ್ಲಿ ಬಂದ. ಕಂಟೇನರ್ ಲಾರಿಯ ಹಿಂದಿನ ಚಕ್ರ. ಸುದ್ದಿ ಕೇಳಿ ಲಕ್ಷ್ಮೀದೇವಮ್ಮ ಓಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಸೈಕಲ್ಲು. ಅದಕ್ಕೆ ಒಂದು ತರಚು ಗಾಯವೂ ಆಗಿರಲಿಲ್ಲ. ಯಾರೋ ಪುಣ್ಯಾತ್ಮರು ಅದನ್ನೆತ್ತಿ ನೀಟಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು. ಸೈಕಲ್ ನೆಟ್ಟಗಿದೆಯೆಂದರೆ ಗಂಡನೂ ನೆಟ್ಟಗಿರುತ್ತಾನೆ ಅಂದುಕೊಂಡೇ ಅವಳು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದದ್ದು.

ಆ ಸೈಕಲ್ಲನ್ನು ತಿಥಿಗೆ ಮುಂಚೆಯೇ ಗುಜರಿಯವನಿಗೆ ಹಾಕಿದಳು. ಅಲ್ಲಿಯವರೆಗೆ ಅವಳೂ ಅದನ್ನೇ ತುಳಿದುಕೊಂಡು ಫ್ಯಾಕ್ಟರಿ ಕ್ಯಾಂಟೀನಿಗೆ ತರಕಾರಿ ಹೆಚ್ಚಲು ಹೋಗುತ್ತಿದ್ದಳು. ಆಮೇಲೆ ನಡೆದೇ ಹೋದಳು. ಮಳೆ ಬಂದರೂ, ಯಾರಾದರೂ ಹಿಂದೆ ಕೂರು ಬಾ ಅಂದರೂ, ಮತ್ತೆ ಸೈಕಲ್ ಮುಟ್ಟಲಿಲ್ಲ.

ನಮ್ಮ ಬೀದಿಯ ಹೆಂಗಸರ ಜೊತೆ ಅವಳು ಸೇರಿದ್ದು ಆಗಲೇ. ಸರ್ವಿಸ್ ರಸ್ತೆಯಲ್ಲೇ ಇದ್ದ ಆ ಅಂಗಡಿಯನ್ನು ಎತ್ತಿಸಬೇಕೆಂದು ಹೆಂಗಸರೆಲ್ಲ ರಸ್ತೆಗೆ ಕೂತೆವು. ಘೋಷಣೆ ತಮಿಳಿನದು: ಮೂಡು ಮೂಡು, ಒಯಿನ್ ಶಾಪೈ ಮೂಡು. ಮುಚ್ಚು ಅಂತ. ಲಕ್ಷ್ಮೀದೇವಮ್ಮನಿಗೆ ಆಗ ತಮಿಳು ಅಷ್ಟು ಹತ್ತಿರಲಿಲ್ಲ. ಇದೇನಿದು, ಇರೋ ವೈನು ಸಾಲದು ಅಂತ ಮೂಡಿ ಬಾ ಅಂತ ಕರೀತೀರಾ ಅಂತ ನಮ್ಮ ಮೇಲೇ ಹಾರಿದಳು. ಇಸ್ತ್ರಿ ಗಾಡಿಯ ಮುನಿವೆಂಕಟಪ್ಪ ತೆಲುಗಿನವನು, ಅವನ ಕಿವಿಗೆ ಮೂಡು ಅಂದರೆ ಮೂರು. ಒಂದು ಅಂಗಡಿಗೇ ಹಿಂಗಾದರೆ ಮೂರು ಕೇಳುತ್ತಿದ್ದಾರಲ್ಲ ಈ ಹೆಂಗಸರು ಅಂತ ಗಾಬರಿಯಾಗಿದ್ದ. ವಾರಗಟ್ಟಲೆ ಕೂತ ಮೇಲೆ ಅಂಗಡಿ ಅಲ್ಲಿಂದ ಎದ್ದಿತು, ಎದ್ದು ಹಿಂದಿನ ಬೀದಿಯಲ್ಲಿ ಕೂತಿತು. ತಮಿಳಿನಲ್ಲಿ ಮುಚ್ಚಿ ಕನ್ನಡದಲ್ಲಿ ಮೂಡಿತು. ಮತ್ತೆ ಕೂತೆವು. ಕೊನೆಗೆ ಊರಾಚೆ ಹೋಯಿತು. ಅಂದಿನಿಂದ ಆಲಸನತ್ತಂನಲ್ಲಿ ಕುಡಿತದ ವಿಷಯ ಏನೇ ಇರಲಿ, ಲಕ್ಷ್ಮೀದೇವಮ್ಮ ಹೇಳಿದ್ದೇ ಕೊನೆ ಮಾತು.

ಮಗಳು ಮೇಘಶ್ರೀ ಬೆಳೆದು ಫೋನಿನ ಬಿಡಿಭಾಗ ಜೋಡಿಸುವ ಕಂಪನಿಯೊಂದಕ್ಕೆ ಸೇರಿದಳು. ಸೇರಿದ ವರ್ಷವೇ ಯಾರೋ ಬಳಸಿ ಬಿಟ್ಟ ಗೇರ್ ಸೈಕಲ್ ಒಂದನ್ನು ಮನೆಗೆ ತಂದಳು. ಅವತ್ತು ಲಕ್ಷ್ಮೀದೇವಮ್ಮ ಊಟ ಮಾಡಲಿಲ್ಲ. ಬೇಡ ಅನ್ನಲೂ ಇಲ್ಲ. ಮಗಳ ಶಿಫ್ಟು ಬಿಡುವ ಹೊತ್ತಿಗೆ ಪೊರಕೆ ಹಿಡಿದು ಬಾಗಿಲಿಗೆ ಬರುವಳು, ಸೈಕಲ್ ಬೆಲ್ಲು ಕೇಳುವ ತನಕ ಗುಡಿಸುವಳು. ಅಷ್ಟು ಸಲ ಗುಡಿಸಿದ ಅಂಗಳ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಬೆಲ್ಲು ತಡವಾದರೆ ಸರ್ವಿಸ್ ರಸ್ತೆಯ ಕಡೆಗೆ ಕಿವಿ ಕೊಡುವಳು. ಲಾರಿ ಬ್ರೇಕ್ ಹಾಕಿದ ಸದ್ದು ಬಂದರೆ ಪೊರಕೆ ಅಲ್ಲೇ ನಿಲ್ಲುತ್ತಿತ್ತು.

ಇಷ್ಟು ಹೆದರಿಕೆಯ ಮನೆಯ ಮಾಳಿಗೆಯ ಮೇಲೆ ಕೂತು ಮೇಘಶ್ರೀ, ಅದೇ ಕಂಪನಿಯ ಅಕೌಂಟ್ಸಿನಲ್ಲಿದ್ದ ಮಾಧವಿ, ಮತ್ತು ಬಿಡಿಭಾಗ ಜೋಡಿಸುವ ಲೈನಿನ ಇನ್ನಿಬ್ಬರು ಹುಡುಗಿಯರು ಪೊಂಗಲ್ ರಜೆಗೆ ಪ್ಲಾನ್ ಹಾಕುತ್ತಿದ್ದರು. ಫೋನಿನಲ್ಲಿ ಮ್ಯಾಪು ತೆಗೆದು ಬಾಗಲೂರು, ಮಾಲೂರು, ನಂದಿ ಕಡೆಯ ವಿಜಯಪುರ ಅಂತ ಬೆರಳಾಡಿಸುತ್ತಿದ್ದರು. ನಂದಿಬೆಟ್ಟದ ಬುಡದಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡಿ ಜನರಿಗೆ ತೋರಿಸುವ ತೋಟವೊಂದಿದೆ, ಹೈವೇ ಬಿಟ್ಟು ತೋಟದ ರಸ್ತೆಗಳಲ್ಲಿ ಅಲ್ಲಿಯವರೆಗೆ ಸೈಕಲ್ ಹೊಡೆದು ಮಾರನೇ ದಿನ ವಾಪಸು. ಬಜ್ಜಿ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಲಕ್ಷ್ಮೀದೇವಮ್ಮನ ಕಿವಿಗೆ ಬಿದ್ದದ್ದು ವೈನು ಮತ್ತು ಸೈಕಲ್ಲು, ಎರಡೇ. ತಟ್ಟೆಯನ್ನು ಮೆಟ್ಟಿಲ ಮೇಲೇ ಇಟ್ಟು ನಮ್ಮ ಮನೆಗೆ ಬಂದಿದ್ದಳು.

ದ್ರಾಕ್ಷಿ ತೋಟ ಇರಬೇಕು, ಮಗಳನ್ನೇ ಕೇಳು ಅಂದೆ. ಅದು ಅವಳ ಒಳಗೆ ಇಳಿಯಲಿಲ್ಲ. ನೀರು ಕುಡಿಯದೆ ಎದ್ದು ಹೋದಳು. ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ಹೋದದ್ದು ಮಾಧವಿಯ ಮನೆಗೆ.

ಮಾಧವಿಯ ಅಪ್ಪ ರಾಮಸ್ವಾಮಿ ಮೇಷ್ಟ್ರು ಹೊಸೂರಿನ ಹಳೆಯ ಮನೆತನದವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಅವರ ಹೆಂಡತಿ ರಾಧಮ್ಮ ಜಗಲಿಯ ಮೇಲೆ ಹೂ ಕಟ್ಟುತ್ತಿದ್ದರು. ಪಾತ್ರೆ ತೊಳೆಯುವ ಇಂದ್ರಮ್ಮ ಪಕ್ಕದ ನಲ್ಲಿಯ ಹತ್ತಿರ ಕೂತಿದ್ದಳು. ಲಕ್ಷ್ಮೀದೇವಮ್ಮ ಗೇಟು ಹಿಡಿದುಕೊಂಡೇ ಹೇಳಿದಳು:

"ಮೇಷ್ಟ್ರೇ, ನಿಮ್ ಮಗಳೂ ನಮ್ ಮಗಳೂ ಸೇರ್ಕೊಂಡು ವೈನಿಗೆ ಹೋಗಕ್ಕೆ ಪ್ಲಾನ್ ಹಾಕವ್ರೆ. ಎರಡ್ ದಿನ. ನಂ ಕೈಲಿ ಆಗಲ್ಲ, ನೀವೇ ತಡೀರಿ."

ಬೇರೆ ಯಾರು ಹೇಳಿದ್ದರೂ ಮೇಷ್ಟ್ರು ನಗುತ್ತಿದ್ದರು. ಹೇಳಿದವಳು ಲಕ್ಷ್ಮೀದೇವಮ್ಮ. ಹೆತ್ತ ಮಗಳ ಬಗ್ಗೆ, ಅದೂ ವೈನಿನ ವಿಷಯದಲ್ಲಿ, ಆ ಹೆಂಗಸು ಸುಳ್ಳು ಹೇಳುತ್ತಾಳೆಯೇ? ಇಂದ್ರಮ್ಮನ ಮೂಲಕ ಸುದ್ದಿ ನೀರಿನ ಟ್ಯಾಂಕಿನ ಹತ್ತಿರ ಹೋಯಿತು, ಅಲ್ಲಿಂದ ಇಡ್ಲಿ ಅಂಗಡಿಗೆ. ಒಂದೊಂದು ಭಾಷೆ ದಾಟುವಾಗಲೂ ಒಂದೊಂದು ಬಾಟಲಿ ಸೇರಿಕೊಂಡಿತು. ಮಾರನೇ ದಿನ ಶಿಫ್ಟು ಮುಗಿಸಿ ಬರುತ್ತಿದ್ದ ಮೇಘಶ್ರೀಯನ್ನು ಮುನಿವೆಂಕಟಪ್ಪ ಇಸ್ತ್ರಿ ಗಾಡಿಯ ಹತ್ತಿರ ನಿಲ್ಲಿಸಿದ. "ಅಮ್ಮ ಮುಚ್ಚಿಸಿದ್ಳು, ಮಗಳು ತೆಗೆಸ್ತೀಯೇನಮ್ಮಿ?" ಅಂತ ಕೇಳಿ, ಇದ್ದಿಲು ಊದುತ್ತಾ ನಕ್ಕ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಡ್ಲಿ ಅಂಗಡಿಯ ಮುಂದೆ ಕೂತಿದ್ದ ಗಂಡಸರ ನಗುವಿನಲ್ಲಿ ಇತ್ತು.

ಮೇಘಶ್ರೀ ಮನೆಗೆ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು. ಬೆಲ್ಲು ಹೊಡೆದಿರಲಿಲ್ಲ. ಅಮ್ಮ ಪೊರಕೆ ಹಿಡಿದು ನಿಂತೇ ಇದ್ದಳು.

"ಯಾರನ್ನ ಕೇಳಿ ಮಾಧವಿ ಮನೇಲಿ ಹೇಳ್ದೆ?" ಅಂದಳು ಮಗಳು.

"ನೀನು ಯಾರನ್ನ ಕೇಳಿ ಹೊಂಟೆ?"

"ಅದು ದ್ರಾಕ್ಷಿ ತೋಟ ಕಣಮ್ಮ. ದ್ರಾಕ್ಷಿ ಹೆಂಗೆ ಹಿಂಡ್ತಾರೆ ಅಂತ ತೋರಿಸ್ತಾರೆ."

"ಹಿಂಡಿದ್ದನ್ನ ಏನ್ ಮಾಡ್ತಾರೆ?"

ಇಲ್ಲಿ ಹುಡುಗಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಒಂದ್ ಗುಟುಕು ಕುಡಿಯಕ್ಕೆ ಕೊಡ್ತಾರೆ," ಅಂದಳು.

"ನೀನು ಕುಡೀತೀಯಾ?"

"ಕೊಟ್ರೆ ನೋಡ್ತೀನಿ. ನಂಗೊತ್ತಿಲ್ಲ."

ಲಕ್ಷ್ಮೀದೇವಮ್ಮ ಪೊರಕೆ ಕೆಳಗಿಟ್ಟಳು. ಹೊಡೆಯುತ್ತಾಳೆ ಅಂದುಕೊಂಡಳಂತೆ ಮೇಘಶ್ರೀ. ಅವಳು ಹೊಡೆಯಲಿಲ್ಲ, ಗೋಡೆಗೆ ಒರಗಿ ಕುಕ್ಕರಿಸಿದಳು.

"ಅಪ್ಪ ಸತ್ತಿದ್ದು ಲಾರಿಗೆ ಸಿಕ್ಕಿ ಕಣಮ್ಮ," ಅಂದಳು ಮಗಳು.

"ಲಾರಿ ತಾವ್ಕೆ ಕರ್ಕೊಂಡೋಗಿದ್ದು ಯಾವ್ದು?"

ಮೇಘಶ್ರೀ ಫೋನು ತೆಗೆದು ತೋಟದ ವಿಡಿಯೋ ತೋರಿಸಿದಳು. ಹಂದರದ ತುಂಬ ದ್ರಾಕ್ಷಿ, ತಲೆಗೆ ಬಟ್ಟೆ ಕಟ್ಟಿಕೊಂಡು ಗೊಂಚಲು ಕತ್ತರಿಸುವ ಹೆಂಗಸರು, ಆಳೆತ್ತರದ ಉಕ್ಕಿನ ಡ್ರಮ್ಮುಗಳು, ಉದ್ದ ಕಾಲಿನ ಗಾಜಿನ ಲೋಟ ಎತ್ತಿ ಬೆಳಕಿಗೆ ಹಿಡಿದು ಮೂಸುವ ಜನ. ಲಕ್ಷ್ಮೀದೇವಮ್ಮ ಪೂರ್ತಿ ನೋಡಿದಳು. ಈ ಕತ್ತರಿಸೋ ಹೆಂಗಸರಿಗೂ ಆ ಲೋಟದಲ್ಲಿ ಕೊಡ್ತಾರಾ ಅಂತ ಕೇಳಿದಳು. ಗೊತ್ತಿಲ್ಲ ಅಂದಳು ಮಗಳು. ವೈನು ಅಂದರೆ ದ್ರಾಕ್ಷಿ ಅನ್ನುವುದು ಅವತ್ತು ಅವಳಿಗೆ ತಿಳಿಯಿತು. ತಿಳಿದರೆ ಹೆದರಿಕೆ ಹೋಗಬೇಕು ಅಂತ ಓದಿದವರು ಅಂದುಕೊಳ್ಳುತ್ತಾರೆ. ಹೋಗಲಿಲ್ಲ. ಪ್ಲಾಸ್ಟಿಕ್ ಲೋಟದ ಜಾಗಕ್ಕೆ ಗಾಜಿನ ಲೋಟ ಬಂತು, ಅಷ್ಟೇ. ಸೈಕಲ್ಲೂ ಇತ್ತು, ಲಾರಿಗಳೂ ಇದ್ದವು.

ಆದರೆ ಆ ವಾರವೇ ಇನ್ನೊಂದು ಹೆದರಿಕೆ ಬಂದು ಇದರ ಮೇಲೆ ಕೂತಿತು. ಲೈನಿನ ಇಬ್ಬರು ಹುಡುಗಿಯರು ನಾವು ಬರಲ್ಲ ಅಂದುಬಿಟ್ಟರು. ಮೇಷ್ಟ್ರು ಮಾಧವಿಯ ಸೈಕಲ್ಲಿಗೆ ಸರಪಳಿ ಹಾಕಿದರು. ಕಂಪನಿಗೆ ಹೋಗುವುದೂ ಸಾಕು, ಸಹವಾಸ ಕೆಟ್ಟಿತು, ಈ ತಿಂಗಳು ಮುಗಿದರೆ ಬಿಡಿಸುತ್ತೇನೆ ಅಂದರು. ಮಾಧವಿ ಫೋನಿನಲ್ಲಿ ಅತ್ತಳಂತೆ. ಅದನ್ನು ಹೇಳುವಾಗ ಮೇಘಶ್ರೀ ಅಳಲಿಲ್ಲ. ತಟ್ಟೆಯಲ್ಲಿ ಕೈ ತೊಳೆದು ಅಮ್ಮನ ಮುಖ ನೋಡದೆ ಹೇಳಿದಳು:

"ಮಾಧವಿ ಕೆಲ್ಸ ಹೋದ್ರೆ ನಾನು ಈ ಮನೇಲಿ ಇರಲ್ಲ. ಹಾಸ್ಟೆಲಿಗೆ ಹೋಯ್ತೀನಿ. ಫ್ಯಾಕ್ಟ್ರಿ ಪಕ್ಕದಲ್ಲೇ ಐತೆ, ಸೈಕಲ್ಲೂ ಬ್ಯಾಡ. ನೀನು ಅಂಗಳ ಗುಡಿಸ್ಕೊಂಡಿರು."

ಮಗಳು ಗಲಾಟೆ ಮಾಡಿದ್ದರೆ ಲಕ್ಷ್ಮೀದೇವಮ್ಮ ತಡೆದುಕೊಳ್ಳುತ್ತಿದ್ದಳು. ಗಲಾಟೆ ಅವಳಿಗೆ ಹೊಸದಲ್ಲ. ಈ ಹುಡುಗಿ ತಣ್ಣಗೆ ಬಟ್ಟೆ ಮಡಚತೊಡಗಿದಳು. ಒಂದು ಬ್ಯಾಗು ಬಾಗಿಲ ಹಿಂದೆ ಬಂತು. ಅದು ತುಂಬುತ್ತಾ ಹೋಯಿತು. ಕ್ಯಾಂಟೀನಿನಲ್ಲಿ ಈರುಳ್ಳಿ ಹೆಚ್ಚುತ್ತಾ ಲಕ್ಷ್ಮೀದೇವಮ್ಮ ಬೆರಳು ಕೊಯ್ದುಕೊಂಡಳು, ಮತ್ತೆ ಅದೇ ಬೆರಳನ್ನು ಕೊಯ್ದುಕೊಂಡಳು. ಮಗಳು ರಸ್ತೆಯಲ್ಲಿ ಸತ್ತಾಳು ಅನ್ನುವ ಹೆದರಿಕೆಗೆ ಮಗಳನ್ನು ಬದುಕಿದ್ದಾಗಲೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೀನಿ ಅನ್ನುವುದು ಅವಳಿಗೆ ಗೊತ್ತಾಗಿತ್ತು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲು ಬೀದಿಗೆ ಹೋದಳು. ಇಂದ್ರಮ್ಮನಿಗೆ, ಇಡ್ಲಿ ಅಂಗಡಿಯವರಿಗೆ, ಮುನಿವೆಂಕಟಪ್ಪನಿಗೆ, ಮೂರು ಭಾಷೆಯಲ್ಲೂ ನಾನು ಹೇಳಿದ್ದು ತಪ್ಪು, ಅದು ದ್ರಾಕ್ಷಿ ತೋಟ ಅಂದಳು. ಜನ ತಲೆಯಾಡಿಸಿದರು. ಹೆತ್ತ ಕರುಳು ಮುಚ್ಚಿಡ್ತದೆ ಪಾಪ ಅಂತ ಹಿಂದಿನಿಂದ ಮಾತಾಡಿಕೊಂಡರು. ಅಂಗಡಿ ಎತ್ತಿಸುವುದು ಸುಲಭವಿತ್ತು, ಅದು ಒಂದೇ ಕಡೆ ಇತ್ತು.

ಆಮೇಲೆ ಮೇಷ್ಟ್ರ ಮನೆಗೆ ಹೋದಳು. ಈ ಸಲ ಒಳಗೆ ಕರೆದು ಕಾಫಿ ಕೊಟ್ಟರು. ರಾಧಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತರು, ಮಾಧವಿ ಕೋಣೆಯಿಂದ ಹೊರಗೆ ಬರಲಿಲ್ಲ. ಲಕ್ಷ್ಮೀದೇವಮ್ಮ ಎಲ್ಲವನ್ನೂ ಹೇಳಿದಳು. ಹಂದರ, ಡ್ರಮ್ಮು, ಗಾಜಿನ ಲೋಟ, ಒಂದು ಗುಟುಕು ಕೊಡುವುದು, ಯಾವುದನ್ನೂ ಬಿಡಲಿಲ್ಲ.

"ನೋಡಮ್ಮಾ," ಅಂದರು ಮೇಷ್ಟ್ರು, "ಮೊನ್ನೆ ನೀವೇ ಬಂದು ವೈನು ಅಂದ್ರಿ, ಇವತ್ತು ದ್ರಾಕ್ಷಿ ಅಂತೀರಿ. ನಾನು ಯಾವ ಲಕ್ಷ್ಮೀದೇವಮ್ಮನ್ನ ನಂಬಲಿ?"

"ಮೊನ್ನೆ ಬಂದೋಳು ಹೆದರ್ಕೊಂಡು ಬಂದಿದ್ಲು ಮೇಷ್ಟ್ರೇ."

"ಇವತ್ತು?"

"ಇವತ್ತೂ ಹೆದ್ರಿಕೇನೇ. ಆದ್ರೆ ಇವತ್ತು ವಿಷ್ಯ ಗೊತ್ತೈತೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒಳ್ಳೆಯ ಮನುಷ್ಯರು, ಆದರೆ ಇಲ್ಲ ಅನ್ನುವುದನ್ನು ಇಲ್ಲ ಅಂತ ಹೇಳುವ ಜನ ಅಲ್ಲ ಅವರು. ಹಾಗಾದ್ರೆ ಒಂದು ಕೆಲಸ ಮಾಡಿ ಅಂದರು. "ನೀವೂ ಜೊತೆಗೆ ಹೋಗಿ. ಬಸ್ಸಲ್ಲಲ್ಲ, ಸೈಕಲ್ ಮೇಲೇ. ನೀವು ಹೋಗೋದಾದ್ರೆ ನನ್ನ ಮಗಳು ಬರ್ತಾಳೆ. ಕೆಲಸಾನೂ ಬಿಡಿಸಲ್ಲ."

ಹನುಮಂತರಾಯಪ್ಪ ಸತ್ತ ಮೇಲೆ ಈ ಹೆಂಗಸು ಸೈಕಲ್ ಮುಟ್ಟಿಲ್ಲ ಅನ್ನುವುದು ಆಲಸನತ್ತಂಗೆಲ್ಲ ಗೊತ್ತಿದ್ದ ಸಂಗತಿ. ಆಗಲ್ಲ, ಕಾಫಿ ಕುಡಿದು ಹೋಗಿ ಅನ್ನುವ ಬದಲು ಆ ಮಾತು ಹೇಳಿದ್ದರು. ಲಕ್ಷ್ಮೀದೇವಮ್ಮ ಉಳಿದ ಕಾಫಿ ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ, "ಆಯ್ತು," ಅಂದಳು. ಕೋಣೆಯ ಬಾಗಿಲು ತೆರೆದ ಸದ್ದಾಯಿತು.

ಮೂಲೆಯ ಸೈಕಲ್ ಶಾಪಿನ ಭೈರೇಶ್ ಒಂದು ಲೇಡೀಸ್ ಸೈಕಲ್ ಸರಿ ಮಾಡಿ ಕೊಟ್ಟ. ಅವಳು ಬ್ರೇಕ್ ಹಿಡಿಯುವುದು, ಬಿಡುವುದು, ಚಕ್ರ ತಿರುಗಿಸಿ ಮತ್ತೆ ಹಿಡಿಯುವುದು. ಹಿಡಿದರೆ ನಿಲ್ತದೆ ಅಕ್ಕ, ನಂಬು ಅಂದ ಭೈರೇಶ್. ನಿಂತ್ರೆ ಹಿಂದಿನ ಲಾರಿ ನಿಲ್ತದೇನ್ಲಾ ಅಂತ ಕೇಳಿದಳು. ಅವನು ಪಾನಾ ಎತ್ತಿ ಬ್ರೇಕನ್ನು ಇನ್ನಷ್ಟು ಬಿಗಿ ಮಾಡಿದ.

ದೊಡ್ಡ ಪ್ರಯಾಣಕ್ಕೆ ಮುಂಚೆ ಒಂದು ಸಲ ಹತ್ತಿರದ ತೊರಪಲ್ಲಿ ಅಗ್ರಹಾರದವರೆಗೆ ಹೋಗಿ ಬರೋಣ ಅಂದವಳು ಮಾಧವಿ. ಅಲ್ಲಿಗೆ ಹೋಗಬೇಕಾದರೆ ಹನುಮಂತರಾಯಪ್ಪ ಸತ್ತ ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು ಅನ್ನುವುದು ಆ ಹುಡುಗಿಯ ತಲೆಗೆ ಹೊಳೆದಿರಲಿಲ್ಲ. ಮೇಘಶ್ರೀಗೆ ಹೊಳೆದಿತ್ತು. ಅಮ್ಮ ಒಪ್ಪಿದ್ದಕ್ಕೆ ಅವಳೂ ಒಪ್ಪಿದಳು. ಬಾಗಿಲ ಹಿಂದಿನ ಬ್ಯಾಗು ಇನ್ನೂ ಅಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಮಂಜು. ಮಾರ್ಗಳಿಯಲ್ಲಿ, ಅಂದರೆ ಧನುರ್ಮಾಸದಲ್ಲಿ, ಹೊಸೂರಿಗೆ ಮಂಜು ಬಿದ್ದರೆ ಎದುರಿನ ಕಂಬ ಕಾಣುವುದಿಲ್ಲ. ರಾಧಮ್ಮ ಗೇಟಿಗೆ ಬಂದು ಮಗಳ ಕತ್ತಿಗೆ ಮಫ್ಲರ್ ಸುತ್ತಿದರು. ಮುಂದೆ ಮೇಘಶ್ರೀ, ನಡುವೆ ಲಕ್ಷ್ಮೀದೇವಮ್ಮ, ಹಿಂದೆ ಮಾಧವಿ. ಕಲಿತ ಕಾಲು ಮರೆತಿರಲಿಲ್ಲ, ಬೀದಿಯುದ್ದಕ್ಕೂ ಸೈಕಲ್ ನೆಟ್ಟಗೇ ಹೋಯಿತು. ಸರ್ವಿಸ್ ರಸ್ತೆಗೆ ತಿರುಗಿದ ಮೇಲೆ ಹೋಗಲಿಲ್ಲ.

ಹನುಮಂತರಾಯಪ್ಪ ಬಿದ್ದ ಜಾಗದಲ್ಲಿ ಈಗೊಂದು ಪಂಕ್ಚರ್ ಅಂಗಡಿ ಇದೆ. ಮಂಜಿನಲ್ಲಿ ಅದರ ಟಯರುಗಳ ಗುಡ್ಡೆ ಮಾತ್ರ ಕಪ್ಪಗೆ ಕಂಡಿತು. ಹಿಂದಿನಿಂದ ಲಾರಿಯೊಂದರ ಹಾರ್ನು ಬಂತು. ಎಷ್ಟು ದೂರದಿಂದ ಅಂತ ಮಂಜಿನಲ್ಲಿ ತಿಳಿಯುವುದಿಲ್ಲ, ಬೆನ್ನಿಗೇ ಬಂದಂತೆ ಕೇಳಿಸುತ್ತದೆ. ಲಕ್ಷ್ಮೀದೇವಮ್ಮ ಎರಡೂ ಬ್ರೇಕು ಹಿಡಿದು, ಕಾಲು ಊರಿ, ಹ್ಯಾಂಡಲ್ ಬಿಡಲಾರದೆ ನಿಂತಳು. ಉಚ್ಚೆ ಬಂದಂಗಾಯ್ತು ಅಂತ ಆಮೇಲೆ ಅವಳೇ ಹೇಳಿದಳು. ಲಾರಿ ಪಕ್ಕದಲ್ಲಿ ಹಾದು ಹೋಯಿತು. ಅದರ ಗಾಳಿಗೆ ಸೆರಗು ಎದ್ದು ಮುಖಕ್ಕೆ ಬಡಿಯಿತು. ಚಕ್ರಗಳನ್ನು ನೋಡಬಾರದು ಅಂದುಕೊಂಡು ನೋಡಿದಳು. ಒಂದರ ಹಿಂದೆ ಒಂದು, ಮುಗಿಯಲೇ ಇಲ್ಲ.

ಮಾಧವಿ ಗಾಬರಿಯಾಗಿ ವಾಪಸು ಹೋಗೋಣ ಆಂಟಿ ಅಂದಳು. ಮುಂದೆ ಹೋಗಿದ್ದ ಮೇಘಶ್ರೀ ಸೈಕಲ್ ತಿರುಗಿಸಿಕೊಂಡು ಬಂದಳು.

"ಇಲ್ಲೇನಾ ಅಮ್ಮ?"

"ಇನ್ನೂ ನಾಕ್ ಹೆಜ್ಜೆ ಮುಂದೆ."

"ಇಳ್ದು ನಡಿ. ಯಾರೂ ತುಳೀಬೇಕು ಅಂದಿಲ್ಲ."

ಮೂವರೂ ಇಳಿದು ಸೈಕಲ್ ತಳ್ಳಿಕೊಂಡು ನಡೆದರು. ಮೇಘಶ್ರೀ ಅಮ್ಮನ ಬಲಕ್ಕೆ ಬಂದಳು, ರಸ್ತೆಯ ಕಡೆಗೆ. ಲಕ್ಷ್ಮೀದೇವಮ್ಮ ಅವಳ ರಟ್ಟೆ ಹಿಡಿದು ಎಳೆದು ಎಡಕ್ಕೆ ಹಾಕಿಕೊಂಡಳು. ಮೇಘಶ್ರೀ ಮತ್ತೆ ಬಲಕ್ಕೆ ಬಂದಳು. ಪಂಕ್ಚರ್ ಅಂಗಡಿ ದಾಟುವ ತನಕ ತಾಯಿ ಮಗಳು ಹೀಗೇ ಜಾಗ ಬದಲಾಯಿಸುತ್ತಾ ಹೋದರು ಅಂತ ಮಾಧವಿ ಹೇಳಿದಳು. ದಾಟಿದ ಮೇಲೆ ಲಕ್ಷ್ಮೀದೇವಮ್ಮ ಸೈಕಲ್ ಹತ್ತಿದಳು. ತೊರಪಲ್ಲಿಯಲ್ಲಿ ಟೀ ಕುಡಿಯುವಾಗಲೂ ಹ್ಯಾಂಡಲ್ ಹಿಡಿದ ಹಾಗೇ ಬೆರಳುಗಳು ಮಡಚಿಕೊಂಡಿದ್ದವು, ಲೋಟ ಹಿಡಿಸಲಿಲ್ಲ. ಮಗಳು ಊದಿ ಕುಡಿಸಿದಳು. ಬರುವಾಗಲೂ ಅಲ್ಲಿ ಇಳಿದರು, ನಡೆದರು.

ಮೇಷ್ಟ್ರು ಗೇಟಿನಲ್ಲಿ ಕಾಯುತ್ತಿದ್ದರು. ಮೂವರ ಸೈಕಲ್ಲನ್ನೂ ನೋಡಿ ಒಳಗೆ ಹೋದರು. ಮಾಧವಿಯ ಸೈಕಲ್ಲಿಗೆ ಮತ್ತೆ ಸರಪಳಿ ಬೀಳಲಿಲ್ಲ.

ಆಮೇಲೆ ಮಾಳಿಗೆಯ ಮೇಲಿನ ಪ್ಲಾನಿಂಗಿಗೆ ಲಕ್ಷ್ಮೀದೇವಮ್ಮನೂ ಕೂತಳು. ಮ್ಯಾಪು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಮೆರವಣಿಗೆ ಅರ್ಥವಾಗುತ್ತಿತ್ತು. ಗುಂಪು ಒಡೆಯಬಾರದು. ಎಲ್ಲರೂ ಮನೆಯ ಫೋನ್ ನಂಬರನ್ನು ತೋಳಿನ ಮೇಲೆ ಬರೆದುಕೊಳ್ಳಬೇಕು, ಧರಣಿಗೆ ಹೋಗುವಾಗ ಬರೆದುಕೊಳ್ಳುತ್ತಿದ್ದ ಹಾಗೆ. ಕೊನೆಯ ಸೈಕಲ್ಲಿಗೆ ಕೋಲು ಕಟ್ಟಿ ಕೆಂಪು ಬಟ್ಟೆ. ಬೆಳಗಿನ ಜಾವ ಹೊರಡುವಂತಿಲ್ಲ, ಮಂಜು ಹರಿದ ಮೇಲೇ. ಬಾಗಲೂರಿನ ರಸ್ತೆಯಲ್ಲಿ ರೋಜಾ ಹೂವಿನ ವ್ಯಾನುಗಳು ಹುಚ್ಚು ಬಿಟ್ಟಂತೆ ಓಡುತ್ತವೆ, ಅವು ಹೋದ ಮೇಲೆ. ಮಾಲೂರು ದಾಟಿ ಅಲ್ಲಿಗೆ ಮುಟ್ಟಲು ಒಂದು ದಿನ, ತೋಟ ನೋಡಲು ಇನ್ನೊಂದು ದಿನ, ವಾಪಸು ಮತ್ತೊಂದು ದಿನ. ಹುಡುಗಿಯರು ಎರಡು ದಿನಕ್ಕೆ ಹಾಕ್ಕೊಂಡಿದ್ದೆವಲ್ಲ ಅಂದರು. ಅದಕ್ಕೆ ಅವಳು ಹೇಳಿದ್ದು ಇಷ್ಟು:

"ಗುಟುಕು ಕುಡಿಯೋದು ಬಿಡೋದು ನಿಮಗ್ ಬಿಟ್ಟಿದ್ದು. ನಾನು ಮುಟ್ಟಲ್ಲ, ನಿಮ್ಮನ್ನ ತಡಿಯೋದೂ ಇಲ್ಲ. ಆದ್ರೆ ಲೋಟ ಮುಟ್ಟಿದ ದಿನ ಸೈಕಲ್ ಮುಟ್ಟಂಗಿಲ್ಲ. ವೈನಿಗೆ ಒಂದ್ ದಿನ, ಸೈಕಲ್ಲಿಗೆ ಒಂದ್ ದಿನ."

ಮೇಘಶ್ರೀ ಅಮ್ಮನನ್ನು ನೋಡಿದಳು. ಫೋನಿನಲ್ಲಿ ದಿನ ಬದಲಾಯಿಸಿದಳು. ಮಾರನೇ ದಿನ ಬಾಗಿಲ ಹಿಂದಿನ ಬ್ಯಾಗಿನಿಂದ ಬಟ್ಟೆ ತೆಗೆದು, ಅದರಲ್ಲೇ ಪ್ರಯಾಣದ ಸಾಮಾನು ತುಂಬಿದಳು.

ಒಂದು ನಿಯಮ ಮಾತ್ರ ಲಕ್ಷ್ಮೀದೇವಮ್ಮನಿಗೇ ತಿರುಗಿತು. ಮೆರವಣಿಗೆಯಲ್ಲಿ ನಿಧಾನಕ್ಕೆ ನಡೆಯುವವರನ್ನು ಮುಂದೆ ಬಿಡಬೇಕು, ಇಲ್ಲದಿದ್ದರೆ ಗುಂಪು ಹರಿದುಹೋಗುತ್ತದೆ ಅಂತ ಅವಳೇ ಹೇಳಿದಳು. "ಹಾಗಾದ್ರೆ ನೀವೇ ಮುಂದೆ ಆಂಟಿ," ಅಂದಳು ಮಾಧವಿ. ಮುಂದೆ ಇರುವವಳಿಗೆ ಹಿಂದಿನ ಲಾರಿ ಕಾಣುವುದಿಲ್ಲ, ಹಿಂದೆ ಬರುವ ಮಗಳೂ ಕಾಣುವುದಿಲ್ಲ. ಅದನ್ನು ಯೋಚಿಸಿಯೇ ಅವಳು ಅವತ್ತು ರಾತ್ರಿ ಉಣ್ಣಲಿಲ್ಲ. ಆದರೆ ತಾನು ಹೇಳಿದ ನಿಯಮ, ಬದಲಾಯಿಸಲಿಲ್ಲ. ಬೆಲ್ಲು ಹೊಡೀತಾ ಇರು, ನಿಲ್ಲಿಸ್ಬ್ಯಾಡ ಅಂತ ಮಗಳಿಗೆ ಹೇಳಿದಳು.

ಹೊರಟ ದಿನ ಪೊಂಗಲಿನ ಮಾರನೇ ಬೆಳಿಗ್ಗೆ. ಬೀದಿಯಲ್ಲಿ ಕಬ್ಬಿನ ಸಿಪ್ಪೆ ಬಿದ್ದಿತ್ತು. ರಾಧಮ್ಮ ಅವಲಕ್ಕಿಯ ಡಬ್ಬಿ ಕೊಟ್ಟರು, ಮೇಷ್ಟ್ರು ಎಲ್ಲ ಸೈಕಲ್ಲಿಗೂ ತಾವೇ ಗಾಳಿ ಒತ್ತಿ ನೋಡಿದರು. ಲೈನಿನ ಹುಡುಗಿಯರಲ್ಲಿ ಒಬ್ಬಳು ಕೊನೆಗೆ ಬಂದಿದ್ದಳು, ಕೆಂಪು ಬಟ್ಟೆ ಅವಳ ಸೈಕಲ್ಲಿಗೆ. ಲಕ್ಷ್ಮೀದೇವಮ್ಮ ಬ್ರೇಕ್ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು.

ಇಸ್ತ್ರಿ ಗಾಡಿಯ ಹತ್ತಿರ ಮುನಿವೆಂಕಟಪ್ಪ ಹಬ್ಬದ ಹೊಸ ಪಂಚೆಯುಟ್ಟು ಕೂತಿದ್ದ. ಇಡ್ಲಿ ಅಂಗಡಿಯ ಮುಂದೆ ಅದೇ ಗಂಡಸರು. ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಅವನು ಗಟ್ಟಿಯಾಗಿ ಕೇಳಿದ, ಎಲ್ಲಿಗಮ್ಮಾ ಸವಾರಿ ಅಂತ.

ನಂದಿಗೆ ಅನ್ನಬಹುದಿತ್ತು. ದ್ರಾಕ್ಷಿ ತೋಟ ನೋಡೋಕೆ ಅನ್ನಬಹುದಿತ್ತು. ಲಕ್ಷ್ಮೀದೇವಮ್ಮ ಒಂದು ಕಾಲು ನೆಲಕ್ಕೆ ಊರಿ ಆ ಗಂಡಸರ ಕಡೆಗೇ ತಿರುಗಿದಳು. "ವೈನಿಗೆ ಕಣಪ್ಪ," ಅಂದಳು. "ಸೈಕಲ್ ಮೇಲೆ ವೈನಿಗೆ ಹೋಯ್ತಾ ಇವ್ನಿ. ಮಗಳನ್ನೂ ಕರ್ಕೊಂಡು."

ಯಾರೂ ನಗಲಿಲ್ಲ. ಧ್ವನಿ ಗಟ್ಟಿಯಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ, ನಡುಗುತ್ತಿತ್ತು. ಪೆಡಲ್ ತುಳಿದು ಮುಂದೆ ಹೋದಳು. ಬಾಗಲೂರು ರಸ್ತೆಯ ತಿರುವಿನಲ್ಲಿ ಒಂದು ಲಾರಿ ಹಾರ್ನು ಹೊಡೆದಿದ್ದೇ ಸರಕ್ಕನೆ ಇಳಿದು ಪಕ್ಕಕ್ಕೆ ನಿಂತಳು. ಹಿಂದಿನವರೂ ಇಳಿದರು. ಲಾರಿ ಹೋಯಿತು. ಅವಳು ಹಿಂತಿರುಗಿ ಎಲ್ಲರನ್ನೂ ನೋಡಿ, ಮತ್ತೆ ಹತ್ತಿದಳು. ಹಿಂದೆ ಮೇಘಶ್ರೀಯ ಬೆಲ್ಲು ಬಿಡದೆ ಹೊಡೆದುಕೊಳ್ಳುತ್ತಿತ್ತು, ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.